ಅತ್ತೆ ಕೋಣೆಯ ಗೋಡೆ: ಮೂರೂವರೆ ತಿಂಗಳ ಕೆಲಸದ ದಿನಚರಿ

ನಿನ್ನೆ ಗೋಡೆಗೆ ಎರಡನೇ ಕೋಟ್ ಬಣ್ಣ ಹೊಡೆದು ಮುಗಿಸಿದೆ. ಆಗಸ್ಟ್‌ನಿಂದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದನ್ನು ಇಲ್ಲಿ ಜೋಡಿಸುತ್ತಿದ್ದೇನೆ. ಹಳೇ ಮನೆ ಕೊಂಡು ಹೊಸದಾಗಿ ಹೋಗುವವರಿಗೆ ಯಾರಿಗಾದರೂ ಉಪಯೋಗಕ್ಕೆ ಬರಬಹುದು. ನಾನು ಪ್ಲಂಬರ್ ಅಲ್ಲ, ಪ್ರೈಮರಿ ಶಾಲೆ ಟೀಚರ್. ತಪ್ಪು ಮಾಡಿದ ಕಡೆ ಹಾಗೇ ಬರೆದಿದ್ದೇನೆ, ಖರ್ಚನ್ನೂ ಬರೆದಿದ್ದೇನೆ.

ಮನೆ ತುಮಕೂರಿನಲ್ಲಿ, ಶೆಟ್ಟಿಹಳ್ಳಿ ಕಡೆ. 30×40 ಸೈಟು, ಕಟ್ಟಿ 22 ವರ್ಷ ಆಗಿದೆ. ಎರಡು ಕೋಣೆ, ಹಾಲು, ಅಡುಗೆಮನೆ, ಒಂದು ಬಚ್ಚಲುಮನೆ. ಕೆಳಗೆ ಸಂಪು, ತಾರಸಿ ಮೇಲೆ 1000 ಲೀಟರಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕು. ನಲ್ಲಿಯಲ್ಲಿ ಹೇಮಾವತಿ ನೀರು ಬರುತ್ತೆ. ಗೊರೂರಿನಿಂದ ನಾಲೆಯಲ್ಲಿ ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ಊರಿಗೆ ಬರುವ ನೀರು. ಅದು ಸಾಲದ ದಿನ ಬೋರ್‌ವೆಲ್ ನೀರು. ಮನೆಯಲ್ಲಿ ನಾನು, ನಮ್ಮವರು, ಮಗ, ಅತ್ತೆ. ಅತ್ತೆಗೆ 71 ವರ್ಷ, ಉಬ್ಬಸ ಇದೆ. ಬಚ್ಚಲುಮನೆ ಹತ್ತಿರ ಇರಲಿ ಅಂತ ಅದರ ಪಕ್ಕದ ಕೋಣೆಯನ್ನೇ ಅವರಿಗೆ ಕೊಟ್ಟೆವು. ಮುಂದೆ ಬರೆಯುವುದೆಲ್ಲ ಆ ಎರಡರ ನಡುವಿನ ನಾಲ್ಕೂವರೆ ಇಂಚಿನ ಗೋಡೆಯ ವಿಷಯ.

ಆಗಸ್ಟ್ 18, 2024. ಹಾಲು ಉಕ್ಕಿಸಿದ ದಿನ

ವರಮಹಾಲಕ್ಷ್ಮಿ ಹಬ್ಬ ಆಗಿ ಎರಡು ದಿನಕ್ಕೆ ಹಾಲು ಉಕ್ಕಿಸಿ ಒಳಗೆ ಬಂದೆವು. ಮನೆಯೆಲ್ಲ ಹೊಸ ಬಣ್ಣ. ಆದರೆ ಅತ್ತೆ ಕೋಣೆಯ ಆ ಗೋಡೆಯಲ್ಲಿ ಸೊಂಟದ ಮಟ್ಟದವರೆಗೆ ಬಣ್ಣ ಸ್ವಲ್ಪ ಜಾಸ್ತಿ ಬೆಳ್ಳಗಿತ್ತು, ಮೇಲೆ ಒಂದು ಗೆರೆ ಕಾಣುತ್ತಿತ್ತು. ನೋಡಿದ್ದೆ. ಯಾಕೆ ಅಲ್ಲಿ ಮಾತ್ರ ಒಂದು ಕೋಟ್ ಜಾಸ್ತಿ ಹೊಡೆದಿದ್ದಾರೆ ಅಂತ ಕೇಳಲಿಲ್ಲ. ಅಲ್ಲೇ ಮಂಚ ಹಾಕಿದೆವು.

ಆಗಸ್ಟ್ 20ರಿಂದ 24. ಸಣ್ಣಪುಟ್ಟದ್ದು

ಮೋಟರ್ ಓಡುತ್ತಿತ್ತು, ನೀರು ಏರುತ್ತಿರಲಿಲ್ಲ. ಸಂಪಿನೊಳಗೆ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವ್‌ನಲ್ಲಿ ಕಸ ಸಿಕ್ಕಿ ನೀರು ಹಿಡಿದು ನಿಲ್ಲುತ್ತಿರಲಿಲ್ಲ. ತೆಗೆದು ತೊಳೆದು, ಮೇಲಿಂದ ನೀರು ತುಂಬಿಸಿ ಹಾಕಿದ ಮೇಲೆ ಸರಿಹೋಯಿತು. ಅಡುಗೆಮನೆ ನಲ್ಲಿಯಲ್ಲಿ ನೀರು ದಾರದ ಹಾಗೆ ಬರುತ್ತಿತ್ತು. ಬಾಯಿಯ ಜಾಲರಿ ತುಂಬ ಬೋರ್ ನೀರಿನ ಬಿಳಿ ಗಟ್ಟಿ ಪದರ. ನಿಂಬೆ ಉಪ್ಪು ಕರಗಿಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಶವರಿಗೂ ಹಾಗೇ ಮಾಡಿದೆ. ಖರ್ಚು 20 ರೂಪಾಯಿ.

ಆಗಸ್ಟ್ 25. ಶಾಕ್

ಮಗ ಸ್ನಾನಕ್ಕೆ ಹೋದವನು "ಅಮ್ಮಾ, ನಲ್ಲಿ ಜುಮ್ ಅಂತು" ಅಂತ ಹೊರಗೆ ಬಂದ. ಗೀಸರ್ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಬರುವ ತನಕ ಯಾರೂ ಒಳಗೆ ಹೋಗಬೇಡಿ ಅಂದೆ. ಇದಕ್ಕೆ ನಾನು ಕೈ ಹಾಕಲಿಲ್ಲ, ನೀವೂ ಹಾಕಬೇಡಿ.

ಅವರು ಮೀಟರ್ ಇಟ್ಟು ನೋಡಿದರು. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ 38 ವೋಲ್ಟ್ ತೋರಿಸಿತು. ಮನೆ ಹಿಂದಿನ ಅರ್ತ್ ಗುಂಡಿ ಪೂರ್ತಿ ಒಣಗಿ, ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಹೊಸ ಗುಂಡಿ ತೆಗೆದು ಜಿಐ (ಸತು ಬಳಿದ ಕಬ್ಬಿಣ) ಪೈಪ್ ಇಳಿಸಿ, ಇದ್ದಿಲು ಮತ್ತು ಉಪ್ಪು ತುಂಬಿ ನೀರು ಹಾಕಿದರು. ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಹಾಕಿದರು. ಹಾಕಿದ ಕೂಡಲೇ ಗೀಸರ್ ಆನ್ ಮಾಡಿದರೆ ಅದು ಟಕ್ ಅಂತ ಬಿತ್ತು. ಗೀಸರಿನ ಎಲಿಮೆಂಟ್ ಹೋಗಿತ್ತು, ಅದನ್ನೂ ಬದಲಾಯಿಸಿದರು. ಎಲ್ಲ ಸೇರಿ 6,850 ರೂಪಾಯಿ. ಈ ಮನೆಗೆ ಖರ್ಚು ಮಾಡಿದ್ದರಲ್ಲಿ ಒಂದು ರೂಪಾಯಿಯೂ ದಂಡ ಅನಿಸದೇ ಇರುವುದು ಇದೊಂದೇ. ಹೊಸ ಮನೆಗೆ ಹೋದ ದಿನವೇ ಮಾಡಿಸಬೇಕಿತ್ತು. ಒಂದು ವಾರ ಎಲ್ಲರೂ ಅದೇ ನಲ್ಲಿ ಮುಟ್ಟಿದ್ದೇವೆ.

ಆಗಸ್ಟ್ 30. ಬೊಕ್ಕೆ

ಅತ್ತೆ ಮಂಚ ಸರಿಸಿ ಗುಡಿಸುವಾಗ ಕಂಡಿತು. ಗೋಡೆಯ ಬಣ್ಣ ಬೊಕ್ಕೆ ಎದ್ದಿತ್ತು. ಒಂದನ್ನು ಬೆರಳಲ್ಲಿ ಒತ್ತಿದರೆ ಹಕ್ಕಳೆ ಉದುರಿತು, ಒಳಗೆ ಬಿಳಿ ಉಪ್ಪು ಹತ್ತಿಯ ಹಾಗೆ ಬೆಳೆದಿತ್ತು. ಗಾರೆ ಮುಟ್ಟಿದರೆ ಪಸೆ. ಅಳೆದೆ: ಅಗಲ ಮೂರು ಅಡಿ, ಎತ್ತರ ನೆಲದಿಂದ ಎರಡೂವರೆ ಅಡಿ. ಪೆನ್ಸಿಲ್‌ನಲ್ಲಿ ಕಲೆಯ ಸುತ್ತ ಗೆರೆ ಎಳೆದು ತಾರೀಕು ಬರೆದೆ. ಇದೊಂದು ಕೆಲಸ ಮೊದಲ ದಿನವೇ ಸರಿಯಾಗಿ ಮಾಡಿದ್ದು.

ಆವತ್ತೇ ಅತ್ತೆ ಒಂದು ಮಾತು ಹೇಳಿದ್ದರು. "ಬೆಳಿಗ್ಗೆ ಹೊತ್ತು ಈ ಗೋಡೆ ಬೆಚ್ಚಗಿರುತ್ತೆ ಕಣಮ್ಮ. ಕಾಲು ತಗುಲಿದರೆ ಗೊತ್ತಾಗುತ್ತೆ." ಬಿಸಿಲಿಗೆ ಇರಬೇಕು ಅತ್ತೆ ಅಂದುಬಿಟ್ಟೆ. ಆ ಗೋಡೆಗೆ ಬಿಸಿಲು ಬೀಳುವುದೇ ಇಲ್ಲ. ಎರಡು ಕಡೆಯೂ ಮನೆಯ ಒಳಗಿನ ಗೋಡೆ ಅದು. ಅಷ್ಟು ಯೋಚನೆ ಮಾಡಿದ್ದರೆ ಮುಂದಿನ ಎರಡು ತಪ್ಪು ಆಗುತ್ತಿರಲಿಲ್ಲ.

ಸೆಪ್ಟೆಂಬರ್ 1. ತಪ್ಪು ಒಂದು: ತಾರಸಿ

ಹಿಂದಿನ ವಾರ ಮಳೆ ಬಂದಿತ್ತು. ಮಳೆ ಬಂತು, ಗೋಡೆ ಹಸಿಯಾಯಿತು, ಅಂದರೆ ತಾರಸಿ ಸೋರುತ್ತಿದೆ ಅಂತ ತೀರ್ಮಾನ ಮಾಡಿದೆವು. ತಾರಸಿಯಲ್ಲಿ ಹುಡುಕಿದರೆ ಒಂದು ಸಣ್ಣ ಬಿರುಕು ಸಿಕ್ಕೇ ಸಿಕ್ಕಿತು. ಅಷ್ಟು ಸಾಕಾಯಿತು ನಮಗೆ. ಇಡೀ ಭಾನುವಾರ ತಾರಸಿ ಉಜ್ಜಿ ತೊಳೆದು, ಒಣಗಿಸಿ, ವಾಟರ್‌ಪ್ರೂಫ್ ಬಣ್ಣ ಎರಡು ಕೋಟ್ ಬಳಿದೆವು. ಬಣ್ಣ, ಬ್ರಷ್, ಬಿರುಕಿಗೆ ತುಂಬುವ ಪೇಸ್ಟ್, ಒಬ್ಬ ಆಳು. 5,200 ರೂಪಾಯಿ.

ತಾರಸಿ ಸೋರಿದರೆ ಮೊದಲು ಸೂರು ಹಸಿಯಾಗಬೇಕು, ಆಮೇಲೆ ಗೋಡೆಯ ಮೇಲ್ಭಾಗ. ನಮ್ಮ ಗೋಡೆ ಎರಡೂವರೆ ಅಡಿಯಿಂದ ಮೇಲೆ ಪೂರ್ತಿ ಒಣಗಿತ್ತು, ಸೂರಿನಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಕಣ್ಣೆದುರಿಗೇ ಇತ್ತು, ನೋಡಲಿಲ್ಲ.

ಸೆಪ್ಟೆಂಬರ್ 4. ತಪ್ಪು ಎರಡು: ಪುಟ್ಟಿ

ಗೌರಿ ಗಣೇಶ ಹಬ್ಬ ಹತ್ತಿರ ಬಂತು. ಹೊಸ ಮನೆ, ನೆಂಟರು ಬರುತ್ತಾರೆ. ಉಪ್ಪು ಕೆರೆದು, ವಾಟರ್‌ಪ್ರೂಫ್ ಪುಟ್ಟಿ ಎಳೆದು, ಮೇಲೆ ಬಣ್ಣ ಹೊಡೆದೆ. 1,380 ರೂಪಾಯಿ. ಹಬ್ಬದ ದಿನ, ಅಂದರೆ 6 ಮತ್ತು 7ನೇ ತಾರೀಕು, ಗೋಡೆ ಚೆನ್ನಾಗಿಯೇ ಕಾಣುತ್ತಿತ್ತು. 11ಕ್ಕೆ ಮತ್ತೆ ಬೊಕ್ಕೆ. ಈ ಸಲ ಪುಟ್ಟಿ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಕಲೆ ನನ್ನ ಪೆನ್ಸಿಲ್ ಗೆರೆಯ ಜಾಗದಿಂದ ಎಡಕ್ಕೆ ನಾಲ್ಕು ಇಂಚು ಮುಂದೆ ಹೋಗಿತ್ತು. ಈ ಕಡೆ ಮುಚ್ಚಿದ್ದಕ್ಕೆ ಪಸೆ ಪಕ್ಕಕ್ಕೆ ಹರಡಿತ್ತು.

ಆವತ್ತು ರಾತ್ರಿ ಅತ್ತೆಗೆ ಉಬ್ಬಸ ಜಾಸ್ತಿಯಾಯಿತು. ಎರಡು ಸಲ ಇನ್‌ಹೇಲರ್ ತಗೊಂಡರು. ಕೋಣೆಯಲ್ಲಿ ಬೂಷ್ಟು ವಾಸನೆ. ಅವರ ಮಂಚವನ್ನು ಹಾಲಿಗೆ ತಂದು ಹಾಕಿದೆವು. "ನನ್ನಿಂದ ನಿಮಗೆಲ್ಲ ತೊಂದರೆ" ಅಂದರು. ನನಗೆ ಅಳು ಬಂತು. ಅವರ ತೊಂದರೆಗೆ ಕಾರಣ ನಾವು ಕೊಂಡ ಗೋಡೆ. ಇನ್ನು ಮೇಲೆ ಕಾರಣ ಗೊತ್ತಾಗುವ ತನಕ ಒಂದು ರೂಪಾಯಿಯೂ ಗೋಡೆ ಮೇಲೆ ಬಳಿಯುವುದಿಲ್ಲ ಅಂತ ಮನಸ್ಸು ಮಾಡಿದೆ.

ಸೆಪ್ಟೆಂಬರ್ 12ರಿಂದ 17. ಟ್ಯಾಂಕಿಗೆ ಸ್ಕೇಲ್ ಇಟ್ಟಿದ್ದು

ಈ ಭಾಗ ಸ್ವಲ್ಪ ಉದ್ದ ಬರೆಯುತ್ತೇನೆ. ಎಲ್ಲರೂ ಮಾಡಬಹುದಾದ ಕೆಲಸ ಇದು. ಬೇಕಾಗುವುದು 60 ರೂಪಾಯಿಯ 30 ಸೆಂ.ಮೀ. ಸ್ಟೀಲ್ ಸ್ಕೇಲ್ ಒಂದೇ.

ಟ್ಯಾಂಕಿನ ಒಳ ಅಡ್ಡಳತೆ 107 ಸೆಂ.ಮೀ. ಇದೆ. ಹಾಗಾಗಿ ನೀರು ಒಂದು ಸೆಂ.ಮೀ. ಇಳಿದರೆ ಹತ್ತಿರ ಹತ್ತಿರ 9 ಲೀಟರ್ ಹೋಯಿತು ಅಂತ ಲೆಕ್ಕ. ರಾತ್ರಿ 10ಕ್ಕೆ ಟ್ಯಾಂಕಿನ ಬಾಯಿಯ ಅಂಚಿನಿಂದ ನೀರಿನ ಮಟ್ಟಕ್ಕೆ ಅಳತೆ ತೆಗೆಯುವುದು. ಬೆಳಿಗ್ಗೆ 5ಕ್ಕೆ ಮತ್ತೆ ತೆಗೆಯುವುದು. ಮಧ್ಯೆ ಯಾರೂ ನಲ್ಲಿ ತಿರುಗಿಸಬಾರದು, ಮೋಟರ್ ಹಾಕಬಾರದು. ಅತ್ತೆ ರಾತ್ರಿ ಎದ್ದರೆ ಬೇಕಾಗುತ್ತೆ ಅಂತ ಬಚ್ಚಲಿನಲ್ಲಿ ಒಂದು ಬಕೆಟ್ ತುಂಬಿಸಿಟ್ಟೆ. ಸ್ಕೇಲನ್ನು ಪ್ರತಿ ಸಲ ಒಂದೇ ಜಾಗದಲ್ಲಿ ಹಿಡಿಯಬೇಕು. ಅಂಚಿನ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕಿದೆ.

12ರ ರಾತ್ರಿ: 2.2 ಸೆಂ.ಮೀ. ಇಳಿಯಿತು. ಹತ್ತಿರ 20 ಲೀಟರ್. ಎಲ್ಲ ನಲ್ಲಿ ಬಿಗಿಯಾಗಿ ಮುಚ್ಚಿತ್ತು. ತಾರಸಿ ಮೇಲೆ ಬೆಳಗಿನ ಜಾವದಲ್ಲಿ ನಿಂತು ಮೂರು ಸಲ ಅಳೆದೆ, ಅದೇ ಬಂತು. ಮಳೆ ಇಲ್ಲ, ಏನಿಲ್ಲ. ಮನೆಯ ನೀರೇ ಎಲ್ಲೋ ಹೋಗುತ್ತಿದೆ ಅಂತ ಆಗ ಖಾತ್ರಿಯಾಯಿತು.

13: ಮೊದಲು ಅನುಮಾನ ಬಂದಿದ್ದು ಫ್ಲಶ್ ಟ್ಯಾಂಕಿನ ಮೇಲೆ. ಬಟ್ಟೆಗೆ ಹಾಕುವ ನೀಲಿ ನಾಲ್ಕು ತೊಟ್ಟು ಅದರೊಳಗೆ ಬಿಟ್ಟೆ, ಫ್ಲಶ್ ಮಾಡದೆ ಕಾದೆ. 20 ನಿಮಿಷಕ್ಕೆ ಕಮೋಡಿನೊಳಗೆ ನೀಲಿ ಎಳೆ ಇಳಿಯಿತು. ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ ಅಂಚು ಬಿಟ್ಟಿತ್ತು. ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ವಾಲ್ವ್ ಸೆಟ್ 240 ರೂಪಾಯಿ. ನಾನೇ ಹಾಕಿದೆ.

14ರ ರಾತ್ರಿ: 0.6 ಸೆಂ.ಮೀ. ತುಂಬ ಕಮ್ಮಿಯಾಯಿತು, ಆದರೆ ನಿಲ್ಲಲಿಲ್ಲ. ಏಳು ಗಂಟೆಗೆ 5.4 ಲೀಟರ್. ದಿನಕ್ಕೆ ಲೆಕ್ಕ ಹಾಕಿದರೆ 18 ಲೀಟರಿಗೂ ಮೇಲೆ. ಒಂದು ಬಿಂದಿಗೆ ನೀರು ದಿನಾ ಎಲ್ಲಿಗೋ ಹೋಗುತ್ತಿದೆ.

15ರ ರಾತ್ರಿ: ಟ್ಯಾಂಕಿನಿಂದ ಎರಡು ಪೈಪ್ ಇಳಿಯುತ್ತೆ, ಒಂದು ಅಡುಗೆಮನೆಗೆ, ಒಂದು ಬಚ್ಚಲಿಗೆ. ಎರಡಕ್ಕೂ ಗೇಟ್ ವಾಲ್ವ್ ಇದೆ. ಅಡುಗೆಮನೆ ವಾಲ್ವ್ ಮುಚ್ಚಿದೆ. ಬೆಳಿಗ್ಗೆ ಅದೇ 0.6.

16ರ ರಾತ್ರಿ: ಬಚ್ಚಲಿನದು ಮುಚ್ಚಿ, ಅಡುಗೆಮನೆಯದು ಬಿಟ್ಟೆ. ಬೆಳಿಗ್ಗೆ ಮಟ್ಟ ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

17ರ ರಾತ್ರಿ: ಎಲ್ಲ ವಾಲ್ವ್ ಬಿಟ್ಟು, ಗೀಸರಿಗೆ ತಣ್ಣೀರು ಹೋಗುವ ಆಂಗಲ್ ಕಾಕ್ (ಗೋಡೆಯಲ್ಲಿರುವ ಸಣ್ಣ ವಾಲ್ವ್) ಮಾತ್ರ ಮುಚ್ಚಿದೆ. ಇಳಿದಿದ್ದು ಸೊನ್ನೆ.

ಅಂದರೆ ತಣ್ಣೀರಿನ ಪೈಪ್ ಎಲ್ಲ ಸರಿಯಾಗಿದೆ. ಗೀಸರ್ ಆದ ಮೇಲೆ, ಬಿಸಿನೀರಿನ ಪೈಪಿನಲ್ಲಿ ತೂತು. ಅಲ್ಲೇ ತಾರಸಿ ಮೆಟ್ಟಿಲ ಮೇಲೆ ಕೂತಾಗ ಅತ್ತೆ ಹೇಳಿದ್ದು ನೆನಪಾಯಿತು. ಬೆಳಿಗ್ಗೆ ಹೊತ್ತು ಗೋಡೆ ಬೆಚ್ಚಗಿರುತ್ತೆ. ನಮ್ಮವರು ಬೆಳಿಗ್ಗೆ 5.30ಕ್ಕೆ ಸ್ನಾನ ಮಾಡುತ್ತಾರೆ, ಮಗ 6.30ಕ್ಕೆ. ಕೆಳಗೆ ಬಂದು ಅತ್ತೆ ಪಕ್ಕ ಕೂತು "ಯಾವ ಜಾಗ ಅತ್ತೆ, ತೋರಿಸಿ" ಅಂದೆ. ಅವರು ಎದ್ದು ಕೋಣೆಗೆ ಹೋಗಿ, ಮಂಚ ಇದ್ದ ಕಡೆ ಅಂದಾಜು ಮಾಡಿ, ಗೋಡೆಗೆ ಅಂಗೈ ಇಟ್ಟರು. "ಇಲ್ಲಿಂದ ಇಲ್ಲಿಗೆ." ಆ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುಣಿಸು ಗುರುತು ಹಾಕಿದೆ. ನೆಲದಿಂದ ಎರಡು ಅಡಿ ಒಳಗೇ ಇತ್ತು.

ಆವತ್ತಿನಿಂದ ಆಂಗಲ್ ಕಾಕ್ ಮುಚ್ಚಿಯೇ ಇಟ್ಟೆವು. ಸ್ನಾನದ ನೀರು ಗ್ಯಾಸ್ ಒಲೆ ಮೇಲೆ.

ಸೆಪ್ಟೆಂಬರ್ 21. ಗೋಡೆ ಒಡೆದಿದ್ದು

ಮನೆ ಮಾರಿದವರಿಗೆ ಫೋನ್ ಮಾಡಿ ಬಿಸಿನೀರಿನ ಪೈಪ್ ಎಲ್ಲಿ ಹೋಗಿದೆ ಅಂತ ಕೇಳಿದೆ. ಬಚ್ಚಲಿನ ಆ ಕಡೆ ಗೋಡೆಯಲ್ಲಿದೆ, ಕೋಣೆ ಕಡೆ ಯಾವ ಪೈಪೂ ಇಲ್ಲ ಅಂದರು. ಅತ್ತೆ ಅಂಗೈ ಬೇರೆ ಹೇಳಿತ್ತು. ನಾನು ಅಂಗೈ ಇಟ್ಟ ಕಡೆಯೇ ಒಡೆದೆ.

ಸಾಮಾನು: ಅರ್ಧ ಇಂಚಿನ ಉಳಿ, ಒಂದು ಕೆ.ಜಿ. ಸುತ್ತಿಗೆ, ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ. ಒಡೆಯುವ ಮೊದಲು ಆ ಗೋಡೆಯ ಸ್ವಿಚ್ ಬೋರ್ಡಿನ ಕರೆಂಟ್ ಮೇನ್‌ನಲ್ಲೇ ತೆಗೆದೆ. ಗಾರೆ ಒದ್ದೆಯಾಗಿದ್ದರಿಂದ ಉಳಿಗೆ ಬೆಲ್ಲದ ಹಾಗೆ ಬಂತು. ನೆಲದಿಂದ 22 ಇಂಚು ಎತ್ತರದಲ್ಲಿ ಉಳಿ ಟಣ್ ಅಂತು.

ಸುತ್ತ ಬಿಡಿಸಿದಾಗ ಕಂಡಿದ್ದು ಒಂದು ಕಬ್ಬಿಣದ ಎಲ್ಬೋ (ಪೈಪ್ ತಿರುಗುವ ಕಡೆ ಹಾಕುವ ಬಾಗಿದ ತುಂಡು), ಅದರ ಬಾಯಿಗೆ ಕಬ್ಬಿಣದ್ದೇ ಒಂದು ಪ್ಲಗ್. ಎರಡೂ ಸೇರಿ ತುಕ್ಕಿನ ಒಂದೇ ಉಂಡೆಯಾಗಿತ್ತು. ಪಕ್ಕದಲ್ಲಿ ಎರಡು ಮರದ ಬೆಣೆ, ಸ್ಕ್ರೂ ತೂತು. ಆಗ ಅರ್ಥ ಆಯಿತು. ಹಿಂದೆ ಯಾವಾಗಲೋ ಕೋಣೆಯಲ್ಲಿ ಒಂದು ವಾಶ್‌ಬೇಸಿನ್ ಇತ್ತು. ಅದನ್ನು ತೆಗೆದವರು ಬಿಸಿನೀರಿನ ಕವಲನ್ನು ಹಾಗೇ ಬಿಟ್ಟು, ತುದಿಗೆ ಪ್ಲಗ್ ಹಾಕಿ, ಗಾರೆ ಮುಚ್ಚಿದ್ದರು.

ಮಗನಿಗೆ ಗೀಸರಿನ ಕಾಕ್ ಬಿಡು ಅಂದೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಪ್ಲಗ್ಗಿನ ಕೆಳ ಅಂಚಿನಲ್ಲಿ ಹೊಳಪು ಕಾಣಿಸಿತು, ಕೆಂಪು ನೀರು ತೊಟ್ಟಿಕ್ಕಿತು, ಸ್ವಲ್ಪ ಹೊತ್ತಿಗೆ ತಿಳಿಯಾಯಿತು. ಇಟ್ಟಿಗೆ ಮೇಲೆ ಜಾರಿ ನೆಲದ ಕಡೆ ಇಳಿಯುತ್ತಿತ್ತು. ಕೆಳಗೆ ಕಾಫಿ ಲೋಟ ಹಿಡಿದು ಗಡಿಯಾರ ನೋಡಿದೆ. 200 ಮಿ.ಲೀ. ತುಂಬಲು 15 ನಿಮಿಷ. ಗಂಟೆಗೆ 800 ಮಿ.ಲೀ., ಏಳು ಗಂಟೆಗೆ 5.6 ಲೀಟರ್. ಟ್ಯಾಂಕಿನ ಸ್ಕೇಲ್ 5.4 ಅಂದಿತ್ತು. ಆ ಎರಡು ಅಂಕಿ ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬರೆದಾಗ ಆದ ಸಮಾಧಾನ ಹೇಳಲು ಬರುವುದಿಲ್ಲ. ಬೇರೆ ಎಲ್ಲೂ ಸೋರಿಕೆ ಇಲ್ಲ, ಇದೊಂದೇ.

ಸೆಪ್ಟೆಂಬರ್ 22. ತಪ್ಪು ಮೂರು: ರೆಂಚು

ಪ್ಲಗ್ ಬಿಚ್ಚಿ ಹೊಸ ಹಿತ್ತಾಳೆ ಪ್ಲಗ್ ಹಾಕಿದರೆ ಮುಗಿಯಿತು ಅಂದುಕೊಂಡೆವು. 14 ಇಂಚಿನ ಪೈಪ್ ರೆಂಚ್ 450, ತುಕ್ಕು ಬಿಡಿಸುವ ಸ್ಪ್ರೇ 210. ರಾತ್ರಿಯೆಲ್ಲ ಸ್ಪ್ರೇ ನೆನೆಸಿಟ್ಟು ಬೆಳಿಗ್ಗೆ ತಿರುಗಿಸಿದರೆ ಪ್ಲಗ್ಗಿನ ತಲೆ ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಹಾಗಾದರೆ ಎಲ್ಬೋನೇ ತೆಗೆಯೋಣ ಅಂತ ನಮ್ಮವರು ರೆಂಚ್ ಮೇಲೆ ಭಾರ ಬಿಟ್ಟರು. ಎಲ್ಬೋ ಬಂತು, ಜೊತೆಗೆ ಒಳಗಿನ ನಿಪ್ಪಲ್ (ಜೋಡಿಸುವ ಗಿಡ್ಡ ಪೈಪ್) ಅರ್ಧಕ್ಕೆ ಮುರಿಯಿತು. ಉಳಿದ ಅರ್ಧ ಬಚ್ಚಲು ಕಡೆಯ ಟೀ (ಮೂರು ಬಾಯಿಯ ಜಾಯಿಂಟ್) ಒಳಗೇ ಸಿಕ್ಕಿಕೊಂಡಿತು. ಪೈಪಿನಲ್ಲಿ ಇದ್ದ ನೀರೆಲ್ಲ ಕೋಣೆಗೆ ಬಂತು.

ಇಲ್ಲಿ ನಿಲ್ಲಿಸಬೇಕಿತ್ತು. 22 ವರ್ಷದ ಜಿಐ ಪೈಪ್ ಒಂದು ಕಡೆ ಅಷ್ಟು ತುಕ್ಕು ಹಿಡಿದಿದ್ದರೆ ಪಕ್ಕದಲ್ಲೂ ಹಿಡಿದಿರುತ್ತೆ. ಮೊದಲೇ ಪ್ಲಂಬರನ್ನು ಕರೆಸಿದ್ದರೆ 660 ರೂಪಾಯಿ ಉಳಿಯುತ್ತಿತ್ತು.

ಸೆಪ್ಟೆಂಬರ್ 23ರಿಂದ 25. ಹೊಸ ಪೈಪು

ಪ್ಲಂಬರ್ ಬಂದು ನೋಡಿ ಎರಡು ದಾರಿ ಹೇಳಿದರು. ಬಚ್ಚಲಿನ ಟೈಲ್ಸ್ ಒಡೆದು ಟೀ ಬದಲಾಯಿಸುವುದು ಒಂದು. "ಆದರೆ ಈ ಟೈಲ್ಸ್ ಈಗ ಎಲ್ಲೂ ಸಿಗಲ್ಲ ಅಕ್ಕ" ಅಂದರು. ಇನ್ನೊಂದು, ಹಳೇ ಬಿಸಿನೀರಿನ ಲೈನ್ ಪೂರ್ತಿ ಬಿಟ್ಟು, ಗೋಡೆ ಮೇಲೇ ಹೊಸ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪ್ ಎಳೆಯುವುದು. ನೋಡಲು ಅಷ್ಟು ಚೆನ್ನಾಗಿರಲ್ಲ ಅಂತಲೂ ಹೇಳಿದರು. ನಾನು ಎರಡನೆಯದೇ ಇರಲಿ ಅಂದೆ. ಪೈಪ್ ಕಣ್ಣಿಗೆ ಕಾಣುತ್ತಿದ್ದರೆ ಸೋರಿದ ದಿನವೇ ಗೊತ್ತಾಗುತ್ತೆ, ಅಲ್ವಾ.

ಮುಕ್ಕಾಲು ಇಂಚಿನ ಸಿಪಿವಿಸಿ ಮೂರು ಮೀಟರಿನದು ಎರಡು 760, ಎಲ್ಬೋ, ಟೀ, ಹಿತ್ತಾಳೆ ಥ್ರೆಡ್ ಇರುವ ಫಿಟಿಂಗ್ 940, ಅಂಟಿಸುವ ಸಾಲ್ವೆಂಟ್ 95, ಗೀಸರಿಗೆ ಕನೆಕ್ಷನ್ ಪೈಪ್ 220, ಕ್ಲ್ಯಾಂಪ್ 60. ಕೂಲಿ 1,500. ಗೀಸರಿನಿಂದ ಶವರಿಗೂ ಕೆಳಗಿನ ನಲ್ಲಿಗೂ ಸೇರಿ 14 ಅಡಿ ಆಯಿತು. ಪ್ರತಿ ಎರಡು ಅಡಿಗೆ ಒಂದು ಕ್ಲ್ಯಾಂಪ್. ಹಳೇ ಲೈನಿನ ಬಾಯಿಗಳಿಗೆಲ್ಲ ಹಿತ್ತಾಳೆ ಪ್ಲಗ್. ಈಗ ಅದರೊಳಗೆ ನೀರೇ ಇಲ್ಲ.

ಮೊದಲ ದಿನದ ಒಂದು ಜಾಯಿಂಟ್ ಸೋರಿತು. ಅಂಟು ಹಚ್ಚುವಾಗ ಗೀಸರ್ ಕಡೆಯಿಂದ ಒಂದೊಂದೇ ಹನಿ ಇಳಿಯುತ್ತಿತ್ತು. ಒರೆಸಿ ಒರೆಸಿ ಅಂಟಿಸಿದರೂ ಒಳಗೆ ತೇವ ಉಳಿದಿತ್ತು. ಸಿಪಿವಿಸಿಯ ಬಾಯಿ ಪೂರ್ತಿ ಒಣಗಿರದಿದ್ದರೆ ಅಂಟು ಹಿಡಿಯುವುದಿಲ್ಲ. 24ಕ್ಕೆ ಗೀಸರ್ ಪೂರ್ತಿ ಖಾಲಿ ಮಾಡಿ, ಆ ತುಂಡು ಕತ್ತರಿಸಿ, ಕಪ್ಲಿಂಗ್ ಹಾಕಿ ಮತ್ತೆ ಅಂಟಿಸಿದರು. ಅರ್ಧ ದಿನದ ಕೂಲಿ 600 ಜಾಸ್ತಿ. ಆಮೇಲೆ 24 ಗಂಟೆ ನೀರು ಬಿಡಲೇ ಇಲ್ಲ. 25ರ ರಾತ್ರಿ ಎಲ್ಲ ಕಾಕ್ ಬಿಟ್ಟು ಮತ್ತೆ ಸ್ಕೇಲ್ ಇಟ್ಟೆ. ಬೆಳಿಗ್ಗೆ 5ಕ್ಕೆ ಮಟ್ಟ ಇದ್ದಲ್ಲೇ ಇತ್ತು.

ಸೆಪ್ಟೆಂಬರ್ 26ರಿಂದ ಅಕ್ಟೋಬರ್ 22. ಕಾಯುವುದು

ಗಾರೆ ಮೇಸ್ತ್ರಿ ಬಂದವರು ಇವತ್ತೇ ಗಾರೆ ಮಾಡಿ ಮುಗಿಸ್ತೀನಿ ಅಂದರು. ಬೇಡ ಅಂದೆ. ಒದ್ದೆ ಇಟ್ಟಿಗೆ ಮೇಲೆ ಗಾರೆ ಎಳೆದರೆ ಒಳಗಿನ ಉಪ್ಪು ಮತ್ತೆ ಹೊಸ ಗಾರೆಗೇ ಬರುತ್ತೆ. ಕಲೆಯ ಅಂಚಿನಿಂದ ಇನ್ನೂ ಒಂದು ಅಡಿ ಆಚೆವರೆಗೆ ಹಳೇ ಗಾರೆ ಕೆತ್ತಿ ತೆಗೆದೆ. ಇಟ್ಟಿಗೆ ಬಿಟ್ಟು ಏನೂ ಉಳಿಸಲಿಲ್ಲ. ಕಿಟಕಿ ತೆರೆದು, ಟೇಬಲ್ ಫ್ಯಾನ್ ಗೋಡೆಗೆ ತಿರುಗಿಸಿ ದಿನಕ್ಕೆ ಎಂಟು ಗಂಟೆ ಓಡಿಸಿದೆ.

ಮೂರನೇ ದಿನದಿಂದ ಇಟ್ಟಿಗೆ ಮೇಲೆ ಬಿಳಿ ಉಪ್ಪು ಎದ್ದು ಬಂತು. ಅದನ್ನು ತಂತಿ ಬ್ರಷ್‌ನಲ್ಲಿ ಒಣಗಿದ್ದ ಹಾಗೆಯೇ ಉಜ್ಜಿ, ಮೊರದಲ್ಲಿ ಹಿಡಿದು ಹೊರಗೆ ಎಸೆಯಬೇಕು. ಮೊದಲ ಸಲ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟಿದ್ದೆ. ಉಪ್ಪು ಕರಗಿ ಮತ್ತೆ ಇಟ್ಟಿಗೆಯೊಳಗೆ ಹೋಯಿತು, ನಾಲ್ಕು ದಿನಕ್ಕೆ ಅಷ್ಟೇ ಎದ್ದು ಬಂತು. ಆಮೇಲೆ ವಾರಕ್ಕೆ ಎರಡು ಸಲ ಒಣ ಬ್ರಷ್. ಒಟ್ಟು ಏಳು ಸಲ ಉಜ್ಜಿದೆ. ಪ್ರತಿ ಸಲ ಮೊರದಲ್ಲಿ ಬೀಳುವುದು ಕಮ್ಮಿಯಾಗುತ್ತಾ ಬಂತು.

ಒಣಗಿದೆಯಾ ಅಂತ ನೋಡಲು ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಇಟ್ಟಿಗೆಗೆ ಒತ್ತಿ, ನಾಲ್ಕೂ ಅಂಚಿಗೆ ಅಗಲವಾದ ಟೇಪ್ ಹಾಕಿ ಎರಡು ದಿನ ಬಿಟ್ಟೆ. ಹಾಳೆಯ ಗೋಡೆ ಕಡೆ ಬೆವರಿದರೆ ಪಸೆ ಗೋಡೆಯಿಂದ ಬರುತ್ತಿದೆ ಅಂತ. ಕೋಣೆ ಕಡೆ ಬೆವರಿದರೆ ಅದು ಗಾಳಿಯ ತೇವ. ಅಕ್ಟೋಬರ್ 12ಕ್ಕೆ, ವಿಜಯದಶಮಿ ದಿನ, ತೆಗೆದು ನೋಡಿದರೆ ಗೋಡೆ ಕಡೆ ಸಾಸಿವೆ ಕಾಳಿನಷ್ಟು ಹನಿಗಳು. ಇನ್ನೂ ಆಗಿಲ್ಲ. ಆಮೇಲೆ ಮಳೆ ಹಿಡಿಯಿತು, ಗಾಳಿಯೂ ತಂಪು. 22ಕ್ಕೆ ಮತ್ತೆ ನೋಡಿದಾಗ ಹಾಳೆ ಎರಡು ಕಡೆಯೂ ಒಣಗಿತ್ತು.

ಅಕ್ಟೋಬರ್ 24. ಗಾರೆ

ಅರ್ಧ ಮೂಟೆ ಸಿಮೆಂಟ್ 210, ಎಂ-ಸ್ಯಾಂಡ್ ನಾಲ್ಕು ಚೀಲ 240, ಮೇಸ್ತ್ರಿ ಕೂಲಿ 1,100. ಒಂದಕ್ಕೆ ನಾಲ್ಕು ಪಾಲು ಮರಳು, ಅರ್ಧ ಇಂಚು ದಪ್ಪ. ಏಳು ದಿನ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದೆ. ಹೊಸ ಗಾರೆ ಹಳೇ ಗಾರೆ ಸೇರುವ ಕಡೆ ಒಂದು ಸಣ್ಣ ಬಿರುಕು ಬಂತು. ಹಳೇ ಗಾರೆಯ ಅಂಚನ್ನು ಮೊದಲೇ ಚೆನ್ನಾಗಿ ನೆನೆಸಬೇಕಿತ್ತು ಅಂತ ಮೇಸ್ತ್ರಿ ಆಮೇಲೆ ಹೇಳಿದರು. ನೀರು ಹಾಕಿಡುವ ಕೆಲಸ ನಾನೇ ಒಪ್ಪಿಕೊಂಡಿದ್ದೆ, ಅಂಚಿಗೆ ಹಾಕಿರಲಿಲ್ಲ.

ದೀಪಾವಳಿಗೆ ಬಣ್ಣ ಆಗಲಿಲ್ಲ. ನಮ್ಮವರಿಗೆ ಆಗಿಬಿಡಲಿ ಅಂತ ಇತ್ತು. ಅತ್ತೆಯೇ "ಗೋಡೆ ಒಣಗಲಿ ಬಿಡಪ್ಪ, ದೀಪ ಹೊಸಲಲ್ಲಿ ಇಟ್ಟರೆ ಆಯಿತು" ಅಂದರು. ಬೂದು ಗಾರೆ ಗೋಡೆ ಹಾಗೇ ಇತ್ತು, ಹಬ್ಬ ಚೆನ್ನಾಗೇ ಆಯಿತು.

ನವೆಂಬರ್ 28ರಿಂದ ಡಿಸೆಂಬರ್ 1. ಬಣ್ಣ

ಗಾರೆ ಆಗಿ ಐದು ವಾರ. ಪ್ಲಾಸ್ಟಿಕ್ ಹಾಳೆ ಮೂರನೇ ಸಲ ಹಾಕಿ ನೋಡಿದೆ, ಒಣಗಿತ್ತು. 28ಕ್ಕೆ ಬಿರುಕಿಗೆ ಪುಟ್ಟಿ, 29ಕ್ಕೆ ಮರಳು ಕಾಗದ ಮತ್ತು ಪ್ರೈಮರ್, 30 ಮತ್ತು 1ಕ್ಕೆ ಬಣ್ಣ. ಎಲ್ಲ ಸೇರಿ 1,340. ಗೋಡೆ ಉಸಿರಾಡಲಿ ಅಂತ ಪ್ಲಾಸ್ಟಿಕ್ ಹೊಳಪಿನ ಬಣ್ಣ ಬಿಟ್ಟು ಸಾದಾ ಡಿಸ್ಟೆಂಪರ್ ಹೊಡೆದೆ.

ಲೆಕ್ಕ ಕೂಡಿಸಿದೆ. ಕಾರಣ ಗೊತ್ತಾಗುವ ಮೊದಲು ತಾರಸಿಗೂ ಪುಟ್ಟಿಗೂ ಹೋಗಿದ್ದು 6,580. ಸ್ಕೇಲ್ ಕೊಂಡ ದಿನದಿಂದ ಕೊನೆಯ ಬಣ್ಣದವರೆಗೆ, ರೆಂಚು ಸ್ಪ್ರೇ ಸೇರಿ, 8,025. ಅರ್ತಿಂಗಿನ 6,850 ಬೇರೆ.

ಇನ್ನು ಉಳಿದಿರುವುದು ಮಂಚದ ಪಕ್ಕದ ಸ್ವಿಚ್ ಬೋರ್ಡು. ಪಸೆಗೆ ಅದರೊಳಗಿನ ತಾಮ್ರದ ತಂತಿ ಹಸಿರಾಗಿದೆ. ಎಲೆಕ್ಟ್ರಿಷಿಯನ್ ಬುಧವಾರ ಬರುತ್ತೇನೆ ಅಂದಿದ್ದಾರೆ. ಅಲ್ಲಿಯತನಕ ಅದರ ಕರೆಂಟ್ ತೆಗೆದಿದ್ದೇನೆ.

ಅತ್ತೆ ಮಂಚ ಇವತ್ತು ಬೆಳಿಗ್ಗೆ ಕೋಣೆಗೆ ವಾಪಸ್ ಹೋಯಿತು. ಗೋಡೆಯಿಂದ ಒಂದು ಗೇಣು ಬಿಟ್ಟು ಹಾಕಿದ್ದೇವೆ. ನಮ್ಮವರ ಸ್ನಾನ ಆದ ಮೇಲೆ ಅತ್ತೆ ಗೋಡೆಗೆ ಅಂಗೈ ಇಟ್ಟು ನೋಡಿ, "ತಣ್ಣಗಿದೆ ಕಣಮ್ಮ" ಅಂದರು.